15 ರೂಪಾಯಿಯ ಕಾಫಿಗೆ ಈ ರುಚಿ ಎಲ್ಲಿಂದ ಬಂತು?

ಕುಕ್ಕರಹಳ್ಳಿ ನಡಿಗೆ:
ಕಳೆದ ಶುಕ್ರವಾರ ಮನೆಯಲ್ಲಿ ಪೂಜೆ ಇತ್ತು. ಮೊಳದ ಹೂವು ಬೇಡ, ಬಿಡಿ ಮಲ್ಲಿಗೆಯೇ ಬೇಕು ಎಂದು ಅಮ್ಮ ಹೇಳಿದ್ದರಿಂದ ಆರು ಗಂಟೆಗೆ ಮೊದಲೇ ದೇವರಾಜ ಮಾರುಕಟ್ಟೆಗೆ ಹೋದೆ. ಹೂವು ಕೊಂಡು, ವೀಳ್ಯದೆಲೆಯ ಸಾಲು ದಾಟುವಾಗ ಕಾಫಿಯ ಘಮ ಬಂತು. ಮಲ್ಲಿಗೆ, ಅಗರಬತ್ತಿ, ಹಸಿ ಎಲೆ, ಕೊಳೆತ ಕೋಸು ಇಷ್ಟೂ ವಾಸನೆಗಳ ನಡುವೆ ಅದೊಂದೇ ಎದ್ದು ಬಂದಿತು ಎಂದರೆ ಊಹಿಸಿಕೊಳ್ಳಿ.

ಅಂಗಡಿ ಎನ್ನಲು ಅಲ್ಲಿ ಏನೂ ಇಲ್ಲ. ಎರಡು ಕಂಬಗಳ ನಡುವೆ ಒಂದು ಹಲಗೆ, ಒಂದು ಗ್ಯಾಸ್ ಒಲೆ, ಹಾಲಿನ ಪಾತ್ರೆ, ಮೊಣಕೈ ಎತ್ತರದ ಹಿತ್ತಾಳೆ ಫಿಲ್ಟರ್, ಬಕೆಟ್ಟಿನಲ್ಲಿ ಗಾಜಿನ ಲೋಟಗಳು. ಕೂರಲು ಜಾಗವಿಲ್ಲ. ಬಾಳೆಗೊನೆಗಳ ಪಕ್ಕದಲ್ಲಿ ಹಮಾಲರ ಜೊತೆ ನಿಂತು ಕುಡಿದೆ. ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಳಿಸಿ ನೋಡಿದೆ, ಇದು ಕಾಫಿಯೇ ಹೌದೇ ಎಂದು. ಕಹಿ ಇದೆ, ಆದರೆ ನಾಲಿಗೆಗೆ ಅಂಟುವುದಿಲ್ಲ. ಹಾಲು ಇದೆ, ಆದರೆ ಹಾಲಿನ ವಾಸನೆ ಇಲ್ಲ. ಎರಡನೆಯದನ್ನೂ ಕುಡಿದೆ. ಒಟ್ಟು 30 ರೂಪಾಯಿ.

ಮನೆಯಲ್ಲಿ ನನ್ನ ಬಳಿ ಒಂದು ಯಂತ್ರವಿದೆ. ಅದರ ಬೆಲೆಯನ್ನು ಹೆಂಡತಿಗೆ ಇನ್ನೂ ಸರಿಯಾಗಿ ಹೇಳಿಲ್ಲ. ಬೀಜ ತೂಗಲು ತಕ್ಕಡಿ, ನೀರಿಗೆ ಉಷ್ಣಮಾಪಕ ಎಲ್ಲವೂ ಇವೆ. ಮೂರು ವರ್ಷಗಳಿಂದ ಒಂದು ದಿನವೂ ಈ ರುಚಿ ಬಂದಿಲ್ಲ. ಇದು ನನ್ನ ಹಸಿವೋ, ಬೆಳಗಿನ ಚಳಿಯೋ, ಆತನ ಕೈಗುಣವೋ? ತಿಳಿದವರು ಹೇಳಿ.

ಬೈಟು ಬಸವನಗುಡಿ:
ಹೆಂಡತಿ ಈ ವೇದಿಕೆಯಲ್ಲಿ ಇಲ್ಲ ತಾನೇ?

ಮೂಡಿಗೆರೆ ತೋಟದವ:
ಚಿಕೋರಿ. ಚರ್ಚೆ ಮುಗಿಯಿತು.

ಲೋಟ ದಬರಾ:
ತೋಟದವರ ಉತ್ತರ ಯಾವಾಗಲೂ ಹೀಗೆಯೇ. ಬೀಜ ಬೆಳೆದ ಮಾತ್ರಕ್ಕೆ ಕಾಫಿ ಮಾಡಲು ಬಂದೀತೇ? ಭತ್ತ ಬೆಳೆದವರೆಲ್ಲ ಬಿಸಿಬೇಳೆ ಭಾತ್ ಮಾಡುತ್ತಾರೆಯೇ? ನಡಿಗೆಯವರೇ, ಮೊದಲು ಇದು ಹೇಳಿ: ಆತ ಫಿಲ್ಟರಿಗೆ ನೀರು ಹಾಕುವುದನ್ನು ನೋಡಿದಿರಾ?

ಕುಕ್ಕರಹಳ್ಳಿ ನಡಿಗೆ:
ನೋಡಿದೆ. ಎರಡನೆಯ ಲೋಟ ಕುಡಿಯುತ್ತಿದ್ದಾಗ ಹೊಸ ಡಿಕಾಕ್ಷನ್‌ಗೆ ಇಟ್ಟ. ಪುಡಿಯನ್ನು ಚಮಚದಲ್ಲಿ ಅಳೆಯಲಿಲ್ಲ, ಒಂದು ಹಳೆಯ ಸ್ಟೀಲ್ ಲೋಟದಲ್ಲಿ ತುಂಬಿ ಸುರಿದ. ಫಿಲ್ಟರಿನ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ತಟ್ಟಿದ, ಅಷ್ಟೇ, ಒತ್ತಲಿಲ್ಲ. ತಟ್ಟೆ ಇಟ್ಟು ಒಂದು ಸೌಟು ನೀರು ಹಾಕಿ ಸುಮ್ಮನೆ ನಿಂತ. ಆ ಹೊತ್ತಿಗೆ ಯಾರೋ ನಾಲ್ಕು ಕಾಫಿ ಕೇಳಿದರು, ಕೊಟ್ಟ. ಆಮೇಲೆ ಉಳಿದ ನೀರನ್ನು ನಿಧಾನವಾಗಿ ಸುತ್ತಲೂ ಸುರಿದು ಮುಚ್ಚಿದ.

ಲೋಟ ದಬರಾ:
ಉತ್ತರ ಸಿಕ್ಕಿತು. ಮೊದಲ ಸೌಟು ನೀರು ಪುಡಿಯನ್ನು ನೆನೆಸಲು. ಪುಡಿ ಉಬ್ಬಿ, ಒಳಗಿನ ಗಾಳಿ ಹೊರಹೋಗಬೇಕು. ಒಮ್ಮೆಗೇ ನೀರು ಸುರಿದರೆ ಎಲ್ಲಿ ಸಡಿಲವಿದೆಯೋ ಅಲ್ಲಿ ದಾರಿ ಮಾಡಿಕೊಂಡು ಇಳಿದುಹೋಗುತ್ತದೆ, ಉಳಿದ ಪುಡಿ ಒಣಗಿಯೇ ಇರುತ್ತದೆ. ಗಟ್ಟಿಯಾಗಿ ಒತ್ತಿದರೆ ಇಳಿಯುವುದೇ ಇಲ್ಲ. ನಿಮ್ಮ ಉಷ್ಣಮಾಪಕದವರು ಇದಕ್ಕೊಂದು ದೊಡ್ಡ ಹೆಸರಿಟ್ಟು ಪಾಠ ಮಾಡುತ್ತಾರೆ. ನನ್ನ ಸೋದರತ್ತೆ ಇದನ್ನೇ ಹೆಸರಿಲ್ಲದೆ ಐವತ್ತು ವರ್ಷ ಮಾಡಿದರು.

ಪುಡಿ ಅಂಗಡಿ:
ನಮ್ಮದು ಮೂರು ತಲೆಮಾರಿನ ಕಾಫಿ ಪುಡಿ ಅಂಗಡಿ (ಮೈಸೂರಲ್ಲ, ಬೇರೆ ಊರು). ಒಂದೆರಡು ಮಾತು ಸೇರಿಸುತ್ತೇನೆ.

ಇಂತಹ ಅಂಗಡಿಗಳವರು ನಮ್ಮಲ್ಲಿಗೆ ಬಂದು ಪುಡಿ ಒಯ್ಯುವ ರೀತಿಯೇ ಬೇರೆ. ಮನೆಯವರು ತಿಂಗಳಿಗೊಮ್ಮೆ ಬಂದು ಒಂದು ಕೆ.ಜಿ. ಕಟ್ಟಿಸಿಕೊಂಡು ಹೋಗುತ್ತಾರೆ. ಇವರು ಪ್ರತಿದಿನ ಸಂಜೆ ಬಂದು ಮರುದಿನಕ್ಕೆ ಬೇಕಾದಷ್ಟನ್ನೇ ಒಯ್ಯುತ್ತಾರೆ. ಕೈಯಲ್ಲಿ ಅಷ್ಟೇ ದುಡ್ಡು ಇರುತ್ತದೆ ಎಂಬುದು ಅದರ ನಿಜವಾದ ಕಾರಣ, ಆದರೆ ಲಾಭವಾಗುವುದು ನಾಲಿಗೆಗೆ. ಹುರಿದ ಬೀಜ ಕೆಲವು ವಾರ ತಡೆಯುತ್ತದೆ. ಅದೇ ಪುಡಿಯಾದ ಮೇಲೆ ಘಮ ದಿನದಿಂದ ದಿನಕ್ಕೆ ಹಾರಿಹೋಗುತ್ತದೆ. ಬಡತನ ಆತನಿಗೆ ತಾಜಾ ಪುಡಿ ಕೊಡಿಸಿದೆ, ನಿಮ್ಮ ಸಂಬಳ ನಿಮಗೆ ಹಳಸಲು ಪುಡಿ ಕೊಡಿಸಿದೆ.

ಇನ್ನು ಚಿಕೋರಿ. ಮೂಡಿಗೆರೆಯವರು ಬೈಗುಳದಂತೆ ಹೇಳಿದರು. ಅದು ಬೈಗುಳವಲ್ಲ. ಅದೊಂದು ಬೇರು, ಗುಜರಾತಿನ ಜಾಮನಗರದ ಕಡೆ ಬೆಳೆಯುತ್ತಾರೆ, ಒಣಗಿಸಿ ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ, ದಪ್ಪ ಕೊಡುತ್ತದೆ, ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹಾಲು ಹಾಕಿದಾಗ ಕಾಫಿ ಸೋಲದಂತೆ ನಿಲ್ಲಿಸುವುದು ಅದೇ. ನೂರಕ್ಕೆ ಹದಿನೈದೋ ಇಪ್ಪತ್ತೋ ಇದ್ದರೆ ಅಲಂಕಾರ. ನಲವತ್ತು ಇದ್ದರೆ ಅದನ್ನು ಕಾಫಿ ಎನ್ನಲು ನನಗೆ ನಾಚಿಕೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51 ಪ್ರತಿಶತಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಲೇಬೇಕು. ಇಂದು ಮನೆಯಲ್ಲಿರುವ ಪೊಟ್ಟಣವನ್ನು ತಿರುಗಿಸಿ ಓದಿ, ಕೆಲವರಿಗೆ ಗಾಬರಿಯಾದೀತು.

ಅಜ್ಜಿಯ ಮೊಮ್ಮಗಳು:
ಓದಿದೆ. 47 ಪ್ರತಿಶತ ಚಿಕೋರಿ. ಎಂಟು ವರ್ಷಗಳಿಂದ ನಾನು ಬೇರು ಕುಡಿಯುತ್ತಿದ್ದೆ.

ಬೈಟು ಬಸವನಗುಡಿ:
ಅಕ್ಕ, ಆಯುರ್ವೇದ ಎಂದುಕೊಳ್ಳಿ.

ಮೂಡಿಗೆರೆ ತೋಟದವ:
ಪುಡಿ ಅಂಗಡಿಯವರೇ, ಒಪ್ಪಿದೆ, ಸ್ವಲ್ಪ ಆತುರಪಟ್ಟೆ. ಆದರೆ ತೋಟದವರಿಗೆ ಕಾಫಿ ಮಾಡಲು ಬಾರದು ಎಂದ ದಬರಾ ಅವರಿಗೆ ಒಂದು ಮಾತು ಹೇಳಲೇಬೇಕು. ನೀವು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಕಾರಣ ಮಾತ್ರ ಬೇರೆ.

ನನ್ನ ಚಿಕ್ಕಂದಿನಲ್ಲಿ ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿ ನಮ್ಮದಾಗಿರಲಿಲ್ಲ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟಿಗೆ ಸೇರಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ) ಒಪ್ಪಿಸಬೇಕಿತ್ತು, ಮನೆ ಬಳಕೆಗೆ ಒಂದಿಷ್ಟು ಉಳಿಯುತ್ತಿತ್ತು. ಹಣ ಕಂತಿನಲ್ಲಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ತಿ ಬಿಟ್ಟುಕೊಟ್ಟರು. ಆದರೂ ಅಭ್ಯಾಸ ಹೋಗಲಿಲ್ಲ. ಒಳ್ಳೆಯ ಪಾರ್ಚ್‌ಮೆಂಟ್ (ಹಣ್ಣು ಸುಲಿದು, ತೊಳೆದು ಒಣಗಿಸಿದ ಬೀಜ) ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್‌ಗೆ ಹೋಗುತ್ತದೆ, ಅಲ್ಲಿಂದ ಬಹುಪಾಲು ಹಡಗು ಹತ್ತುತ್ತದೆ. ಮನೆಗೆ ಉಳಿಯುವುದು ಕಪ್ಪಾದದ್ದು, ಒಡೆದದ್ದು, ನೆಲದಿಂದ ಆರಿಸಿದ್ದು. ನಮ್ಮ ಅಪ್ಪ ಇಂದಿಗೂ ಅದನ್ನೇ ಕಬ್ಬಿಣದ ಬಾಣಲೆಯಲ್ಲಿ ಹುರಿಸಿ, ಬೆಲ್ಲ ಹಾಕಿ ಕುದಿಸಿ ಕುಡಿಯುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರು ಮುಖ ಸಿಂಡರಿಸಿದರೆ "ತೋಟದ ಕಾಫಿ" ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಮಡಿಕೇರಿ ಮಂಜು:
ಬೆಲ್ಲದ ಕಾಫಿಯನ್ನು ಹೀಗೆ ಹೀಯಾಳಿಸುವುದನ್ನು ನಾನು ಖಂಡಿಸುತ್ತೇನೆ. ಜೋರು ಮಳೆ, ಒಲೆಯ ಪಕ್ಕ, ಹಾಲಿಲ್ಲದ ಬೆಲ್ಲದ ಕಾಫಿ. ಅದರ ಮುಂದೆ ನಿಮ್ಮ ಡಿಕಾಕ್ಷನ್ ಬರೀ ನಾಜೂಕು.

ಮೂಡಿಗೆರೆ ತೋಟದವ:
ಹೀಯಾಳಿಸಲಿಲ್ಲ ಮಾರಾಯರೇ, ನಮ್ಮ ಅಪ್ಪನ ಹುರಿಯುವಿಕೆಯನ್ನು ಹೀಯಾಳಿಸಿದೆ. ಇದ್ದಿಲು ಕುದಿಸಿದರೂ ಅದೇ ರುಚಿ ಬರುತ್ತದೆ.

ಚಹಾ ಧಾರವಾಡ:
ನಮಸ್ಕಾರ. ನಮ್ಮ ಕಡೆ ಈ ಎಲ್ಲ ತಾಪತ್ರಯ ಇಲ್ಲ. ಚಹಾಪುಡಿ, ಹಾಲು, ಸಕ್ಕರೆ, ಶುಂಠಿ, ಕುದಿಸುವುದು. ಹತ್ತು ನಿಮಿಷದಲ್ಲಿ ಜಗಳವಿಲ್ಲದೆ ಮುಗಿಯುತ್ತದೆ.

ಲೋಟ ದಬರಾ:
ಚಹಾದವರಿಗೆ ಸ್ವಾಗತ. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ.

ಹಾಲಿನ ಲೆಕ್ಕ:
ಎಲ್ಲರೂ ಪುಡಿಯ ಹಿಂದೆ ಬಿದ್ದಿದ್ದೀರಿ. ಲೋಟದಲ್ಲಿ ಮುಕ್ಕಾಲು ಪಾಲು ಇರುವುದು ಹಾಲು. "ಹಾಲಿನ ವಾಸನೆ ಇಲ್ಲ" ಎಂದು ನಡಿಗೆಯವರು ಬರೆದಿದ್ದಾರಲ್ಲ, ಗುಟ್ಟು ಅಲ್ಲಿದೆ. ಹಾಲನ್ನು ಒಮ್ಮೆ ಉಕ್ಕಿಸಿ ಆಮೇಲೆ ಬಿಸಿಯಾಗಿ ಮಾತ್ರ ಇಡಬೇಕು. ಹೋಟೆಲುಗಳಲ್ಲಿ ಒಂದೇ ಪಾತ್ರೆಗೆ ಹಳೆಯದರ ಮೇಲೆ ಹೊಸದು ಸುರಿದು ದಿನವಿಡೀ ಕುದಿಸುತ್ತಾರೆ, ಅದು ಬಾಸುಂದಿಯ ಕಡೆಗೆ ಹೊರಟಿರುತ್ತದೆ. ಮಾರುಕಟ್ಟೆಯಲ್ಲಿ ಬೆಳಗ್ಗೆ ಐದರಿಂದ ಎಂಟರವರೆಗೆ ಹಾಲು ಪಾತ್ರೆಯಲ್ಲಿ ನಿಲ್ಲುವಷ್ಟು ಬಿಡುವೇ ಇರುವುದಿಲ್ಲ.

ಲಾಭವನ್ನೂ ನೋಡಿ. ಚಿಕ್ಕ ಗಾಜಿನ ಲೋಟಕ್ಕೆ 80 ಮಿಲಿಲೀಟರ್ ಹಾಲು ಎಂದರೂ ಲೀಟರಿಗೆ ಹನ್ನೆರಡು ಲೋಟ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅಂದರೆ ಲೋಟಕ್ಕೆ ಮೂವತ್ತಮೂರು ಪೈಸೆ. ಅದನ್ನು ನೆಪ ಮಾಡಿಕೊಂಡು ನಮ್ಮ ಬೀದಿಯ ಹೋಟೆಲಿನಲ್ಲಿ ಕಾಫಿಗೆ ಐದು ರೂಪಾಯಿ ಏರಿಸಿದರು!

ಪುಡಿ ಅಂಗಡಿ:
ಹಾಲಿನ ಲೆಕ್ಕದವರೇ, ಲೆಕ್ಕ ಅರ್ಧಕ್ಕೆ ನಿಲ್ಲಿಸಿದಿರಿ. 2024ರಲ್ಲಿ ವಿಯೆಟ್ನಾಂ, ಬ್ರೆಜಿಲ್ ಎರಡೂ ಕಡೆ ಬರ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಒಂದಾದ ರೋಬಸ್ಟಾ ಎಂದರೆ ಅಗ್ಗ ಎಂದು ಮೂಗು ಮುರಿಯುತ್ತಿದ್ದ ಕಾಲ ಹೋಯಿತು. 2025ರ ಆರಂಭದಲ್ಲಿ ಅಂಗಡಿಯ ಹಲಗೆಯ ಮೇಲೆ ಬೆಲೆ ಬರೆಯುವ ಸೀಮೆಸುಣ್ಣಕ್ಕೇ ಖರ್ಚು ಹೆಚ್ಚಾಗಿತ್ತು. ಹೋಟೆಲಿನವರನ್ನು ಸಮರ್ಥಿಸುತ್ತಿಲ್ಲ, ಆದರೆ ಎಲ್ಲವನ್ನೂ ಹಸುವಿನ ತಲೆಗೆ ಕಟ್ಟಬೇಡಿ.

ಹಾಲಿನ ಲೆಕ್ಕ:
ಬೆಲೆ ಏರಿದಾಗ ಪುಡಿ ಕಡಿಮೆ ಮಾಡಿದರು, ಚಿಕೋರಿ ಹೆಚ್ಚು ಮಾಡಿದರು. ಇಳಿದಾಗ ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ.

ಎಡಿಸನ್ ಕನ್ನಡಿಗ:
ನ್ಯೂಜೆರ್ಸಿಯಿಂದ ಒಂದು ಅಳಲು. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಫಿಲ್ಟರ್ ಇದೆ. ಪುಡಿ ಅತ್ತೆಯವರ ಸೂಟ್‌ಕೇಸಿನಲ್ಲಿ ಬರುತ್ತದೆ, ಅರ್ಧ ವರ್ಷ ಫ್ರೀಜರಿನಲ್ಲಿ ಇರುತ್ತದೆ. ಮೇಲೆ ಹೇಳಿದ ಹಾಗೆಯೇ ನೆನೆಸಿ ಇಳಿಸುತ್ತೇನೆ. ಬರುವುದು ಕಾಫಿಯ ನೆನಪು ಮಾತ್ರ, ಕಾಫಿ ಬರುವುದಿಲ್ಲ. ಬೀಜವನ್ನೇ ತರಿಸಿಕೊಂಡು ಇಲ್ಲಿ ಪುಡಿ ಮಾಡಿದರೆ ಆದೀತೇ?

ಪುಡಿ ಅಂಗಡಿ:
ಆಗುತ್ತದೆ. ಪೀಬೆರಿ ಅರ್ಧ, ಪ್ಲಾಂಟೇಷನ್ ಎ (ತೊಳೆದು ಒಣಗಿಸಿದ ಅರೇಬಿಕಾದ ದಪ್ಪ ಬೀಜ) ಅರ್ಧ ಹುರಿಸಿ ತರಿಸಿಕೊಳ್ಳಿ, ಚಿಕೋರಿ ಬೇರೆ ಪೊಟ್ಟಣದಲ್ಲಿರಲಿ. ಒಂದು ಎಚ್ಚರಿಕೆ: ಪುಡಿ ರವೆಯಂತೆ ದಪ್ಪವಾದರೆ ನೀರು ಸುಮ್ಮನೆ ಇಳಿಯುತ್ತದೆ, ಮೈದಾ ಹಿಟ್ಟಿನಂತಾದರೆ ರಾತ್ರಿಯವರೆಗೂ ಕಾಯಬೇಕು. ಬೆರಳಿನ ನಡುವೆ ಉಜ್ಜಿದಾಗ ಸಣ್ಣಗೆ ತರಿ ಸಿಗಬೇಕು, ಉಪ್ಪಿಟ್ಟಿನ ರವೆಗಿಂತ ಬಹಳ ನುಣುಪು.

ಎಡಿಸನ್ ಕನ್ನಡಿಗ:
ಪೀಬೆರಿ ನಿಜವಾಗಿಯೂ ಬೇರೆ ರುಚಿಯೇ, ಹೆಸರಿನ ಮಹಿಮೆಯೇ?

ಮೂಡಿಗೆರೆ ತೋಟದವ:
ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ, ಒಂದಕ್ಕೊಂದು ಒತ್ತಿಕೊಂಡು, ಅದಕ್ಕೇ ಒಂದು ಕಡೆ ಚಪ್ಪಟೆ. ಕೆಲವು ಹಣ್ಣಿನಲ್ಲಿ ಒಂದೇ ಬೆಳೆಯುತ್ತದೆ, ದುಂಡಗಿರುತ್ತದೆ. ಅದೇ ಪೀಬೆರಿ. ದುಂಡಗಿರುವುದರಿಂದ ಬಾಣಲೆಯಲ್ಲಿ ಉರುಳಿಕೊಂಡು ಸಮವಾಗಿ ಹುರಿಯುತ್ತದೆ. ಅದಕ್ಕಿಂತ ಹೆಚ್ಚಿನ ಮಹಿಮೆಯನ್ನು ನಾನು ಕಂಡಿಲ್ಲ. ಪುಡಿ ಅಂಗಡಿಯವರಿಗೆ ಸಿಟ್ಟು ಬರಬಹುದು.

ಪುಡಿ ಅಂಗಡಿ:
ಬಂದಿದೆ.

ಚಾಮರಾಜಪುರಂ ಸೈಕಲ್:
ಇಷ್ಟೆಲ್ಲ ಹರಟೆಯಲ್ಲಿ ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ಅಂಗಡಿ ಎಲ್ಲಿದೆ? ಮಾರುಕಟ್ಟೆಗೆ ಬಾಗಿಲುಗಳು ಹಲವು. ಚಿಕ್ಕ ಗಡಿಯಾರದ ಕಡೆಯೋ, ಧನ್ವಂತರಿ ರಸ್ತೆಯ ಕಡೆಯೋ?

ಕುಕ್ಕರಹಳ್ಳಿ ನಡಿಗೆ:
ಕ್ಷಮಿಸಿ, ಹೇಳುವುದಿಲ್ಲ. ಒಮ್ಮೆ ಒಂದು ದೋಸೆ ಅಂಗಡಿಯ ಬಗ್ಗೆ ಹೀಗೆಯೇ ಬರೆದಿದ್ದೆ. ಮೂರು ತಿಂಗಳಲ್ಲಿ ಕ್ಯಾಮೆರಾ ಹಿಡಿದವರು ಬಂದರು, ಆರು ತಿಂಗಳಲ್ಲಿ ಚಟ್ನಿ ನೀರಾಯಿತು. ಈಗ ಅಲ್ಲಿ ಟೋಕನ್ ಕೊಡುತ್ತಾರೆ.

ಚಾಮರಾಜಪುರಂ ಸೈಕಲ್:
ಇದು ಅನ್ಯಾಯ. ಅಂಗಡಿಯವನಿಗೆ ನಾಲ್ಕು ಕಾಸು ಹೆಚ್ಚು ಸಿಗುವುದನ್ನು ತಪ್ಪಿಸಲು ನೀವು ಯಾರು? ಆತ ನಿಮ್ಮ ನಾಸ್ಟಾಲ್ಜಿಯಾಕ್ಕಾಗಿ ಹಲಗೆಯ ಮೇಲೆ ಕಾಫಿ ಮಾರುತ್ತಿಲ್ಲ, ಮನೆ ನಡೆಸಲು ಮಾರುತ್ತಿದ್ದಾನೆ. "ಹುಟ್ಟಿದ ಹಾಗೆಯೇ ಬಡವನಾಗಿರು, ನನ್ನ ರುಚಿ ಕೆಡಿಸಬೇಡ" ಎಂದಂತಾಯಿತು.

ಅಜ್ಜಿಯ ಮೊಮ್ಮಗಳು:
ಸೈಕಲ್ ಹೇಳಿದ್ದು ಸರಿ.

ಕುಕ್ಕರಹಳ್ಳಿ ನಡಿಗೆ:
ಮಾತು ನಾಟಿತು. ಆದರೂ ಆತನನ್ನು ಕೇಳದೆ ಬರೆಯುವುದು ಬೇಡ ಎನಿಸುತ್ತದೆ. ಕೇಳಿಕೊಂಡು ಬರುತ್ತೇನೆ.

ಹಳೇ ಮೈಸೂರು:
ಕೇಳುವ ಅಗತ್ಯವಿಲ್ಲ, ನಾನು ಹೇಳಬಲ್ಲೆ. ವೀಳ್ಯದೆಲೆಯ ಸಾಲಿನ ನಂತರ, ಬಾಳೆಹಣ್ಣಿಗೆ ಮೊದಲು. ಈಗ ಇರುವವರ ತಂದೆ ಉತ್ತರ ದ್ವಾರದ ಹತ್ತಿರ ಕೂರುತ್ತಿದ್ದರು. 2016ರಲ್ಲಿ ಆ ದ್ವಾರದ ಭಾಗ ಕುಸಿದುಬಿತ್ತಲ್ಲ, ಆಮೇಲೆ ಒಳಗೆ ಸರಿದರು. ಕಾಲೇಜಿನ ದಿನಗಳಲ್ಲಿ ಅವರಲ್ಲಿ ಬೈಟು ಕುಡಿಯುತ್ತಿದ್ದೆವು. ಮೂರು ಜನರಿಗೆ ಒಂದು ಬೈಟು ಕೇಳಿದರೂ ಬೈಯದೆ, ಮೂರು ಲೋಟಕ್ಕೆ ಒಂದೇ ಮಟ್ಟದಲ್ಲಿ ಹಂಚುತ್ತಿದ್ದರು. ಕಣ್ಣಿನ ಮಟ್ಟಕ್ಕೆ ಲೋಟ ಎತ್ತಿ ಪರೀಕ್ಷಿಸುತ್ತಿದ್ದ ನಮ್ಮ ಗೆಳೆಯನೊಬ್ಬ ಮುಂದೆ ಭೂಮಾಪನ ಇಲಾಖೆಗೆ ಸೇರಿದ.

ಬೈಟು ಬಸವನಗುಡಿ:
ನನ್ನ ಹೆಸರಿಗೆ ಮರ್ಯಾದೆ ಬಂತು.

ಚಾಮರಾಜಪುರಂ ಸೈಕಲ್:
ಇಂದು ಹೋಗಿಬಂದೆ. ನಿರಾಸೆ. ಸಾಧಾರಣ ಕಾಫಿ, ಸ್ವಲ್ಪ ಹುಳಿ, ತಳದಲ್ಲಿ ಗಸಿ. 15 ರೂಪಾಯಿಗೆ ದೂರುವಂತಿಲ್ಲ, ಆದರೆ ಇದಕ್ಕಾಗಿ ಇಷ್ಟು ಉದ್ದದ ಪುರಾಣವೇ? ನಡಿಗೆಯವರಿಗೆ ಅಂದು ಚಳಿ ಆಗಿತ್ತು, ಅಷ್ಟೇ.

ಕುಕ್ಕರಹಳ್ಳಿ ನಡಿಗೆ:
ಎಷ್ಟು ಗಂಟೆಗೆ ಹೋದಿರಿ?

ಚಾಮರಾಜಪುರಂ ಸೈಕಲ್:
ಹನ್ನೊಂದೂವರೆ. ಭಾನುವಾರ ಬೇಗ ಏಳುವವನು ನಾನಲ್ಲ.

ಲೋಟ ದಬರಾ:
ಹನ್ನೊಂದೂವರೆಗೆ ಹೋಗಿ ತೀರ್ಪು ಕೊಡುತ್ತೀರಾ! ಅದು ಎರಡನೆಯ ಡಿಕಾಕ್ಷನ್. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ್ದು. ಮನೆಗಳಲ್ಲಿ ಮೊದಲನೆಯದು ಗಂಡಸರಿಗೆ, ನೆಂಟರಿಗೆ, ಎರಡನೆಯದು ಅಡುಗೆಮನೆಗೆ ಎಂಬ ಕಾಲವಿತ್ತು.

ಅಜ್ಜಿಯ ಮೊಮ್ಮಗಳು:
ಕಾಲವಿತ್ತು ಎಂದು ಯಾರು ಹೇಳಿದರು? ನಮ್ಮ ಅಜ್ಜಿ ತೀರಿಹೋಗುವವರೆಗೂ ಎರಡನೆಯ ಡಿಕಾಕ್ಷನ್ನೇ ಕುಡಿದರು. "ನನಗೆ ಗಟ್ಟಿ ಕಾಫಿ ಆಗುವುದಿಲ್ಲ" ಎನ್ನುತ್ತಿದ್ದರು, ನಾವು ನಂಬಿದ್ದೆವು. ಒಮ್ಮೆ ಆಸ್ಪತ್ರೆಯಿಂದ ಬಂದ ದಿನ ನಾನೇ ಮೊದಲ ಡಿಕಾಕ್ಷನ್‌ನಲ್ಲಿ ಬೆರೆಸಿ ಕೊಟ್ಟೆ. ಪೂರ್ತಿ ಕುಡಿದರು. ಲೋಟವನ್ನು ದಬರಾದಲ್ಲಿ ಬೋರಲು ಹಾಕಿ "ಹಾಗೇನೂ ಆಗುವುದಿಲ್ಲ ಕಣೇ" ಎಂದರು.

ಮಡಿಕೇರಿ ಮಂಜು:
ಅಕ್ಕ, ಇದನ್ನು ಓದಿ ಎದ್ದು ಹೋಗಿ ಅಮ್ಮನಿಗೆ ಒಂದು ಲೋಟ ಮಾಡಿಕೊಟ್ಟೆ. ಬೆಲ್ಲದ್ದೇ.

ಚಹಾ ಧಾರವಾಡ:
ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ. ಎರಡನೆಯ ಡಿಕಾಕ್ಷನ್ ಹುಳಿ ಏಕೆ ಆಗುತ್ತದೆ?

ಲೋಟ ದಬರಾ:
ಎರಡನೆಯದು ಬರೀ ತೆಳು, ಕಹಿ. ಹುಳಿ ಬರುವುದು ಇಳಿದ ಡಿಕಾಕ್ಷನ್ ಗಂಟೆಗಟ್ಟಲೆ ಬಿಸಿಯಲ್ಲಿ ಕೂತಾಗ. ಆ ತಪ್ಪನ್ನು ಮನೆಯಲ್ಲಿಯೂ ಮಾಡುತ್ತೇವೆ, ಒಲೆಯ ಮೇಲಿಟ್ಟು ಕಾಯಿಸುತ್ತೇವೆ. ಬೇಕಿದ್ದರೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿ, ಬೆಂಕಿ ತೋರಿಸಬೇಡಿ. ಸೈಕಲ್ ಅವರು ಕುಡಿದದ್ದು ಎರಡೂ ತಪ್ಪುಗಳ ಮಿಶ್ರಣವಿರಬೇಕು.

ಕುಕ್ಕರಹಳ್ಳಿ ನಡಿಗೆ:
ಇಂದು ಐದೂಮುಕ್ಕಾಲಿಗೆ ಹೋಗಿ ಕೇಳಿಯೇ ಬಂದೆ. "ನಿಮ್ಮ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯಬಹುದೇ?" ಎಂದೆ. ಹಾಲಿನ ಮೇಲಿನ ಕಣ್ಣು ತೆಗೆಯದೆ "ಬರೆಯಿರಿ, ಆದರೆ ಎಂಟರೊಳಗೆ ಬರಲು ಹೇಳಿ" ಎಂದರು. ಎಂಟೂವರೆಗೆ ಅವರು ಫಿಲ್ಟರ್ ತೊಳೆದು ಬೋರಲು ಹಾಕಿ ಇನ್ನೊಂದು ಕೆಲಸಕ್ಕೆ ಹೋಗುತ್ತಾರಂತೆ. ಆಮೇಲೆ ಹಲಗೆಯ ಮುಂದೆ ನಿಲ್ಲುವುದು ಅವರ ಭಾವಮೈದುನ, ಸ್ಟೀಲ್ ಡ್ರಮ್ಮಿನ ಕಾಫಿ. ಸೈಕಲ್ ಅವರು ಕುಡಿದದ್ದು ಭಾವಮೈದುನನ ಕಾಫಿ.

ಚಿಕೋರಿ ಎಷ್ಟು ಎಂದೂ ಕೇಳಿದೆ. ಇಪ್ಪತ್ತು ಎಂದರು. ಪಕ್ಕದಲ್ಲಿ ನಿಂತಿದ್ದ ಹೂವಿನ ಹೆಂಗಸು "ಬೇಸಿಗೆಯಲ್ಲಿ ಹದಿನೈದು" ಎಂದು ತಿದ್ದಿದರು. ಅವರು ಬೇಡವೆನ್ನಲಿಲ್ಲ.

ಚಾಮರಾಜಪುರಂ ಸೈಕಲ್:
ಸರಿ, ತೀರ್ಪು ಹಿಂತೆಗೆದುಕೊಂಡೆ. ನಾಳೆ ಬೆಳಗ್ಗೆ ಐದೂವರೆಗೆ ಯಾರಾದರೂ ಫೋನ್ ಮಾಡಿ ಎಬ್ಬಿಸಬಲ್ಲಿರಾ?

ಚಹಾ ಧಾರವಾಡ:
ನಾನು ಎಬ್ಬಿಸುತ್ತೇನೆ. ಆ ಹೊತ್ತಿಗೆ ನನ್ನದು ಎರಡನೆಯ ಚಹಾ ಆಗಿರುತ್ತದೆ.

ಎಡಿಸನ್ ಕನ್ನಡಿಗ:
ನಡಿಗೆಯವರೇ, ಆ ಯಂತ್ರ ಮಾರುವುದಿದ್ದರೆ ತಿಳಿಸಿ.

ಕುಕ್ಕರಹಳ್ಳಿ ನಡಿಗೆ:
ಮೆಲ್ಲಗೆ. ಬೆಲೆಯ ವಿಷಯ ಇನ್ನೂ ಹೇಳಿಲ್ಲ.